ಹೊರೆ ಹಗುರವಾದರೆ ಹಾದಿ ಹತ್ತಿರ

ಯುಗಾದಿ ಸಮೀಪಿಸುತ್ತಿದ್ದಂತೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ಕಡೆಯ ಹಳ್ಳಿಗಳಿಂದ ಜನರು ತಂಡತಂಡವಾಗಿ ಪೂರ್ವದ ಕಡೆಗೆ ನಡೆಯತೊಡಗುವುದು ಪ್ರತಿವರ್ಷದ ನೋಟ. ಕೆಲವು ತಂಡಗಳ ಮುಂದೆ ಮಲ್ಲಯ್ಯನ ಕಂಬಿ ಸಾಗುತ್ತದೆ. ಎಲ್ಲರ ಗುರಿಯೂ ಶ್ರೀಶೈಲ. ಕೃಷ್ಣೆಯನ್ನು ದಾಟಿ, ರಾಯಚೂರು ಕರ್ನೂಲುಗಳ ಬಯಲನ್ನು ಹಾಯ್ದು, ಆತ್ಮಕೂರಿನ ಆಚೆ ನಲ್ಲಮಲ ಅರಣ್ಯವನ್ನು ಹೊಕ್ಕು, ನಾಗಲೂಟಿ, ಪೆದ್ದಚೆರುವುಗಳ ಮೇಲಿನಿಂದ ಭೀಮನಕೊಳ್ಳವನ್ನು ಇಳಿದೇರಿ, ಕೈಲಾಸದ್ವಾರದ ಮೂಲಕ ಕ್ಷೇತ್ರವನ್ನು ಸೇರುವ ಈ ಹಾದಿಯು ಮುನ್ನೂರು ಕಿಲೋಮೀಟರಿಗೂ ಮೀರಿದುದು. ಈ ತಂಡಗಳಲ್ಲಿ ಮುದುಕರೂ ಇರುತ್ತಾರೆ, ಮಹಿಳೆಯರೂ ಇರುತ್ತಾರೆ; ಪ್ರೌಢಶಾಲೆ ಮತ್ತು ಕಾಲೇಜುಗಳ ವಿದ್ಯಾರ್ಥಿಗಳೂ ಇರುತ್ತಾರೆ.

ಈ ನಡಿಗೆಯ ಭಕ್ತಿಯ ಮುಖವನ್ನು ಕುರಿತು ಹೇಳಲು ನಾವು ಅಧಿಕಾರಿಗಳಲ್ಲ. ಆದರೆ ಹೆಗಲಿನ ಮೇಲೆ ಗಂಟು ಹೊತ್ತು ನಡೆಯುವ ಪ್ರತಿಯೊಬ್ಬನೂ ತಿಳಿದೋ ತಿಳಿಯದೆಯೋ ಭೌತಶಾಸ್ತ್ರದ ಹಲವು ನಿಯಮಗಳಿಗೆ ಒಳಪಟ್ಟಿರುತ್ತಾನೆ. ಏನನ್ನು ಹೊರಬೇಕು, ಏನನ್ನು ಬಿಡಬೇಕು, ರಾತ್ರಿ ಎಲ್ಲಿ ಹೇಗೆ ಮಲಗಬೇಕು ಎಂಬ ಪ್ರಶ್ನೆಗಳಿಗೆ ಈ ನಿಯಮಗಳು ಸ್ಪಷ್ಟವಾದ ಉತ್ತರವನ್ನು ಕೊಡುತ್ತವೆ. ಅವನ್ನು ಒಂದೊಂದಾಗಿ ನೋಡೋಣ.

ಹೊರೆಯ ನಿಜವಾದ ಬೆಲೆ

ಒಂದು ಕಿಲೋಗ್ರಾಂ ತೂಕವನ್ನು ಬೆನ್ನ ಮೇಲೆ ಹೊತ್ತು ಮುನ್ನೂರು ಕಿಲೋಮೀಟರು ನಡೆದರೆ ನಮಗೆ ಆಗುವ ಖರ್ಚೆಷ್ಟು? ಸಮತಲದ ಹಾದಿಯಲ್ಲಿ ಒಂದು ಕಿಲೋಗ್ರಾಂ ತೂಕವನ್ನು ಒಂದು ಕಿಲೋಮೀಟರು ಸಾಗಿಸಲು ದೇಹವು ಸುಮಾರು 0.6 ಕಿಲೋಕ್ಯಾಲೊರಿ ಶಕ್ತಿಯನ್ನು ವ್ಯಯಿಸುತ್ತದೆ. ಮುನ್ನೂರು ಕಿಲೋಮೀಟರಿಗೆ ಇದು 180 ಕಿಲೋಕ್ಯಾಲೊರಿ. ಒಂದೆರಡು ಜೋಳದ ರೊಟ್ಟಿಯಿಂದ ಈ ಸಾಲ ತೀರಿಹೋಗುತ್ತದೆ. ಹಾಗಾದರೆ ಒಂದು ಕಿಲೋಗ್ರಾಮಿಗಾಗಿ ಇಷ್ಟು ಚಿಂತೆ ಏಕೆ ಎಂದು ಓದುಗರು ಕೇಳಬಹುದು.

ಚಿಂತೆಯ ಕಾರಣ ರೊಟ್ಟಿಯಲ್ಲಿಲ್ಲ, ಪಾದದಲ್ಲಿದೆ. ಒಂದು ಹೆಜ್ಜೆಗೆ 70 ಸೆಂಟಿಮೀಟರು ಎಂದಿಟ್ಟುಕೊಂಡರೆ ಮುನ್ನೂರು ಕಿಲೋಮೀಟರಿಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಹೆಜ್ಜೆಗಳು ಆಗುತ್ತವೆ. ಪ್ರತಿ ಹೆಜ್ಜೆಯಲ್ಲೂ ದೇಹದ ಭಾರವೂ ಹೊರೆಯ ಭಾರವೂ ಒಂದೇ ಪಾದದ ಮೇಲೆ ಬೀಳುತ್ತವೆ. ಹಿಮ್ಮಡಿ ನೆಲಕ್ಕೆ ತಾಗುವಾಗಲೂ ಬೆರಳು ನೆಲವನ್ನು ಒದೆಯುವಾಗಲೂ ಚರ್ಮವು ಎಲುಬಿನ ಮೇಲೆ ಸ್ವಲ್ಪ ಜಾರುತ್ತದೆ. ಬೊಬ್ಬೆ ಏಳುವುದು ಈ ಜಾರಿಕೆಯಿಂದ. ಅಂಗಾಲು, ಮೊಣಕಾಲು, ಹೆಗಲು ಇವು ರೊಟ್ಟಿ ತಿಂದರೆ ದುರಸ್ತಿಯಾಗುವ ಅಂಗಗಳಲ್ಲ. ಅವುಗಳಿಗೆ ಬೇಕಾದದ್ದು ವಿರಾಮ. ಯಾತ್ರಿಕನಿಗೆ ಇಲ್ಲದಿರುವುದೂ ಅದೇ.

ಹೊರೆಯನ್ನು ದೇಹದ ಯಾವ ಭಾಗದಲ್ಲಿ ಹೊತ್ತಿದ್ದೇವೆ ಎಂಬುದೂ ಮುಖ್ಯ. 1969ರಲ್ಲಿ ಸೌಲ್ ಮತ್ತು ಗೋಲ್ಡ್‌ಮನ್ ಎಂಬ ಅಮೆರಿಕದ ಸಂಶೋಧಕರು ತಲೆ, ಕೈ, ಪಾದಗಳಲ್ಲಿ ತೂಕವನ್ನು ಇರಿಸಿ ನಡೆಯುವವರ ಶಕ್ತಿವ್ಯಯವನ್ನು ಅಳೆದರು. ಪಾದಕ್ಕೆ ಕಟ್ಟಿದ ತೂಕವು ದೇಹದ ತೂಕದಲ್ಲಿನ ಅಷ್ಟೇ ಹೆಚ್ಚಳಕ್ಕಿಂತ ನಾಲ್ಕರಿಂದ ಆರು ಪಟ್ಟು ದುಬಾರಿಯೆಂದೂ, ತಲೆಯ ಮೇಲಿನ ತೂಕವು ಬಹುಮಟ್ಟಿಗೆ ದೇಹದ ತೂಕಕ್ಕೆ ಸಮನೆಂದೂ ಕಂಡುಬಂದಿತು. ಬೆನ್ನು ಒಂದೇ ಸಮನೆ ಮುಂದೆ ಸಾಗುತ್ತದೆ; ಪಾದವಾದರೋ ಪ್ರತಿ ಹೆಜ್ಜೆಗೂ ನಿಂತು, ಮತ್ತೆ ವೇಗ ಪಡೆದು, ಮತ್ತೆ ನಿಲ್ಲುತ್ತದೆ. ಈ ನಿಲ್ಲಿಸಿ ಓಡಿಸುವ ಕೆಲಸಕ್ಕೆ ಶಕ್ತಿ ಬೇಕು. 1986ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಕೀನ್ಯದ ಲುಓ ಮತ್ತು ಕಿಕುಯು ಮಹಿಳೆಯರು ತಮ್ಮ ದೇಹತೂಕದ ಐದನೆಯ ಒಂದು ಭಾಗದವರೆಗಿನ ಹೊರೆಯನ್ನು ತಲೆಯ ಆಧಾರದಿಂದ ಹೊತ್ತಾಗ ಹೆಚ್ಚಿನ ಶಕ್ತಿಯೇ ಖರ್ಚಾಗದೆಂದು ತೋರಿಸಿತು. ಬಾಲ್ಯದಿಂದ ರೂಢಿಸಿಕೊಂಡ ನಡಿಗೆಯ ಫಲ ಅದು. ನಾಳೆಯೇ ನಮಗೆ ಒಲಿಯುವಂಥದಲ್ಲ.

ನಮ್ಮ ಸೀಮೆಯ ಎರೆಭೂಮಿಯಲ್ಲಿ ಅಕಾಲದ ಮಳೆಗೆ ಸಿಕ್ಕಿ ನಡೆದವರಿಗೆ ಪಾದದ ತೂಕದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಹೆಜ್ಜೆಗೆ ಒಂದೊಂದು ಮೆಟ್ಟಿಗೂ ಅರ್ಧ ಕಿಲೋಗ್ರಾಂ ಮಣ್ಣು ಹತ್ತಿದರೆ, ಎರಡು ಕಾಲಿಗೂ ಸೇರಿ ಬೆನ್ನ ಮೇಲೆ ನಾಲ್ಕೈದು ಕಿಲೋಗ್ರಾಂ ಹೆಚ್ಚಾದಂತೆಯೇ ಸರಿ. ಆದುದರಿಂದ ಹಗುರಮಾಡುವ ಕೆಲಸವನ್ನು ಪಾದದಿಂದಲೇ ಪ್ರಾರಂಭಿಸಬೇಕು. ಭಾರವಾದ ಬೂಟಿಗಿಂತ ಕಾಲಿಗೆ ಸರಿಯಾಗಿ ಹೊಂದಿ ಹಳತಾಗಿರುವ ಹಗುರ ಪಾದರಕ್ಷೆ ಮೇಲು. ಹೊಸದನ್ನು ಯಾತ್ರೆಯ ಮೊದಲ ದಿನವೇ ಮೆಟ್ಟಿಕೊಂಡು ಹೊರಡುವುದು ಬೊಬ್ಬೆಗೆ ಆಹ್ವಾನವಿತ್ತಂತೆ.

ನೀರೆಂಬ ಭಾರ

ಯಾತ್ರಿಕನ ಗಂಟಿನಲ್ಲಿರುವ ಅತ್ಯಂತ ಭಾರವಾದ ವಸ್ತು ಹಾಸಿಗೆಯೂ ಅಲ್ಲ, ಬಟ್ಟೆಯೂ ಅಲ್ಲ; ಅದು ನೀರು. ಒಂದು ಲೀಟರಿಗೆ ಒಂದು ಕಿಲೋಗ್ರಾಂ ಎಂಬ ಈ ತೂಕವನ್ನು ಯಾವ ಅಂಗಡಿಯವನೂ ಕಡಿಮೆ ಮಾಡಿಕೊಡಲಾರ.

ಗಂಟೆಗೆ ಐದು ಕಿಲೋಮೀಟರು ವೇಗದಲ್ಲಿ ನಡೆಯುವ 60 ಕಿಲೋಗ್ರಾಮಿನ ಮನುಷ್ಯನ ದೇಹದಲ್ಲಿ ಸುಮಾರು 300 ವಾಟ್ ಪ್ರಮಾಣದಲ್ಲಿ ಉಷ್ಣವು ಉತ್ಪನ್ನವಾಗುತ್ತದೆ. ಯುಗಾದಿಯ ವೇಳೆಗೆ ನಮ್ಮ ಬಯಲಿನ ಮಧ್ಯಾಹ್ನದ ಗಾಳಿಯ ಉಷ್ಣತೆಯು ಚರ್ಮದ ಉಷ್ಣತೆಯನ್ನು ಮುಟ್ಟುತ್ತದೆ, ಕೆಲವು ದಿನ ಮೀರುತ್ತದೆ. ಆಗ ಗಾಳಿಗೆ ಉಷ್ಣವನ್ನು ಒಪ್ಪಿಸುವ ದಾರಿ ಮುಚ್ಚಿಹೋಗಿ ಬೆವರು ಆವಿಯಾಗುವುದೊಂದೇ ದಾರಿ ಉಳಿಯುತ್ತದೆ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಗುಪ್ತೋಷ್ಣವನ್ನು ಕೊಂಡೊಯ್ಯುತ್ತದೆ. ಲೆಕ್ಕ ಹಾಕಿದರೆ, 300 ವಾಟ್ ಉಷ್ಣವನ್ನು ಹೊರಹಾಕಲು ಗಂಟೆಗೆ ಸುಮಾರು 450 ಗ್ರಾಂ ಬೆವರು ಬೇಕು. ಇದು ನೆರಳಿನಲ್ಲಿ ನಡೆದಾಗಿನ ಮಾತು. ನೇರವಾದ ಬಿಸಿಲು ಬಿದ್ದರೆ ಇನ್ನೂ ಹೆಚ್ಚು. ಗಂಟೆಗೆ ಮುಕ್ಕಾಲು ಲೀಟರು, ಒಂದು ಲೀಟರು ಬೆವರುವುದು ಅಪರೂಪವಲ್ಲ.

ಇಲ್ಲಿ ಒಂದು ಗಮನಾರ್ಹ ಸಂಗತಿಯಿದೆ. ಅದೇ ಮನುಷ್ಯನು 12 ಕಿಲೋಗ್ರಾಂ ಹೊರೆಯನ್ನು ಹೊತ್ತನೆನ್ನೋಣ. ಅದು ಅವನ ತೂಕದ ಐದನೆಯ ಒಂದು ಭಾಗ. ದೇಹದ ಶ್ರಮವೂ ಉತ್ಪನ್ನವಾಗುವ ಉಷ್ಣವೂ ಸ್ಥೂಲವಾಗಿ ಅಷ್ಟೇ ಪಾಲು ಏರುತ್ತವೆ. ಅಂದರೆ 60 ವಾಟ್ ಹೆಚ್ಚು. ಇದನ್ನು ಹೊರಹಾಕಲು ಗಂಟೆಗೆ 90 ಗ್ರಾಂ ಹೆಚ್ಚು ಬೆವರು ಬೇಕು. ಆರು ಗಂಟೆ ನಡೆದರೆ ಅರ್ಧ ಲೀಟರಿಗೂ ಮಿಗಿಲಾಗುತ್ತದೆ. ಆ ಅರ್ಧ ಲೀಟರನ್ನೂ ಹೊರಬೇಕು. ಅದನ್ನು ಹೊರಲು ದೊಡ್ಡ ಚೀಲ ಬೇಕು, ದೊಡ್ಡ ಚೀಲಕ್ಕೆ ದಪ್ಪ ಪಟ್ಟಿ ಬೇಕು. ಹೀಗೆ ತೂಕವು ತೂಕವನ್ನು ಹೆರುತ್ತದೆ. ಇದನ್ನು ತಿರುಗಿಸಿ ಓದಿದರೆ ಹಗುರ ಪ್ರಯಾಣದ ಮೂಲಸೂತ್ರವೇ ದೊರೆಯುತ್ತದೆ: ಒಂದು ವಸ್ತುವನ್ನು ಬಿಟ್ಟರೆ ಅದರ ತೂಕವಷ್ಟೇ ಅಲ್ಲ, ಅದನ್ನು ಹೊರುವುದಕ್ಕಾಗಿ ಹೊರಬೇಕಾಗಿದ್ದ ತೂಕವೂ ಹೋಗುತ್ತದೆ.

ನೀರಿನ ಭಾರವನ್ನು ಇಳಿಸಲು ಉಪಾಯಗಳು ಎರಡು. ಮೊದಲನೆಯದು ಹೊತ್ತು. ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಹತ್ತರೊಳಗೆ ನಡಿಗೆ ಮುಗಿಸಿ, ಮತ್ತೆ ಸಂಜೆ ಹೊರಡುವ ಹಿರಿಯರ ಪದ್ಧತಿಯು ಶಾಸ್ತ್ರಸಮ್ಮತವಾದುದು. ಮಾರ್ಚಿಯಲ್ಲಿ ಇಲ್ಲಿನ ಹಗಲಿಗೂ ಇರುಳಿಗೂ ಹದಿನೈದು ಡಿಗ್ರಿಯಷ್ಟು ಅಂತರವಿರುತ್ತದೆ; ತಂಪಾದ ಗಾಳಿಯು ಬೆವರಿನ ಕೆಲಸದಲ್ಲಿ ಬಹುಪಾಲನ್ನು ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಎರಡನೆಯದು ಹಾದಿಯ ಅರಿವು. ಮುಂದಿನ ನೀರು ಎಲ್ಲಿದೆಯೆಂದು ತಿಳಿದವನು ಎರಡು ಲೀಟರು ಹೊರುತ್ತಾನೆ. ತಿಳಿಯದವನು ನಾಲ್ಕು ಲೀಟರು ಹೊರುತ್ತಾನೆ, ಇಲ್ಲವೇ ಬಾಯಾರುತ್ತಾನೆ. ಈ ಯಾತ್ರೆಯ ಹಾದಿಯುದ್ದಕ್ಕೂ ಊರಿನವರು ದಾಸೋಹ ನಡೆಸಿ ಅನ್ನ ನೀರುಗಳನ್ನು ಕೊಡುವುದುಂಟು. ಆದುದರಿಂದ ಒಲೆ, ಪಾತ್ರೆ, ಹಿಟ್ಟು, ಬೇಳೆಗಳನ್ನು ಬೆನ್ನಿಗೇರಿಸುವುದು ಅನಾವಶ್ಯಕ. ಅರಣ್ಯದ ಭಾಗದಲ್ಲಿ ಮಾತ್ರ ನೀರು ದೊರೆಯುವ ನೆಲೆಗಳು ವಿರಳ; ಅಲ್ಲಿ ಪಾತ್ರೆ ತುಂಬಿರಲೇಬೇಕು.

ನೀರನ್ನು ತಣ್ಣಗಿಡಲು ಭಾರವಾದ ಥರ್ಮಾಸು ಬೇಡ. ಬಾಟಲಿಗೆ ಒಂದು ಒದ್ದೆಬಟ್ಟೆಯನ್ನು ಸುತ್ತಿ ಗಾಳಿಗೆ ತೂಗಬಿಟ್ಟರೆ ಸಾಕು. ಒಂದು ಲೀಟರು ನೀರನ್ನು 35 ಡಿಗ್ರಿಯಿಂದ 25 ಡಿಗ್ರಿಗೆ ಇಳಿಸಲು ಹತ್ತು ಸಾವಿರ ಕ್ಯಾಲೊರಿಯನ್ನು ತೆಗೆಯಬೇಕು. 17 ಗ್ರಾಂ ನೀರು ಆವಿಯಾದರೆ ಅಷ್ಟು ಆಗುತ್ತದೆ. ಸುತ್ತಲಿನ ಗಾಳಿಯಿಂದ ಒಳಬರುವ ಉಷ್ಣವನ್ನೂ ಸೇರಿಸಿ ಇದರ ಎರಡು ಮೂರರಷ್ಟು ಖರ್ಚಾದರೂ ಅದು ಅಗ್ಗವೇ. ಮಡಕೆಯ ನೀರು ತಣ್ಣಗಿರುವುದೂ ಇದೇ ಕಾರಣದಿಂದ.

ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಒಂದು ಲೀಟರು ನೀರಿಗೆ ಬೆರೆಸುವ ಮರುಜಲೀಕರಣ ಲವಣದ ಪೊಟ್ಟಣವು ಸುಮಾರು 20 ಗ್ರಾಂ ತೂಗುತ್ತದೆ. ತೂಕಕ್ಕೆ ಹೋಲಿಸಿದರೆ ಗಂಟಿನಲ್ಲಿ ಇಷ್ಟು ಉಪಯುಕ್ತವಾದ ಪದಾರ್ಥ ಮತ್ತೊಂದಿಲ್ಲ. ಬಿಸಿಲಿನಲ್ಲಿ ನಡೆಯುವವನು ತೊದಲತೊಡಗಿದರೆ, ಗೊಂದಲಗೊಂಡಂತೆ ಮಾತಾಡಿದರೆ, ಮೈ ಕಾದಿದ್ದರೆ, ಅದು ಆಯಾಸವಲ್ಲ, ಬಿಸಿಲಿನ ಆಘಾತ. ಒಡನೆಯೇ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಬೀಸುತ್ತ, 108ಕ್ಕೆ ಕರೆಮಾಡಬೇಕು. ಇಲ್ಲಿ ನಿಮಿಷಗಳೇ ಪ್ರಾಣದ ಬೆಲೆ.

ಜೋಲಿಯಿಂದ ತೂಗುಹಾಸಿಗೆಗೆ

ರಾತ್ರಿಯ ವಿಚಾರ ಈಗ. ಛತ್ರ, ಶಾಲೆ, ಗುಡಿಯ ಪೌಳಿಗಳು ತುಂಬಿಹೋದಾಗ ಯಾತ್ರಿಕನು ನೆಲದ ಮೇಲೆಯೇ ಮಲಗುತ್ತಾನೆ. ನೆಲದಲ್ಲಿ ಚೇಳುಂಟು, ಕಟ್ಟುಹಾವೂ ಉಂಟು. ಕಟ್ಟುಹಾವು ರಾತ್ರಿ ಸಂಚರಿಸುವ ಪ್ರಾಣಿ. ನೆಲದ ಮೇಲೆ ಮಲಗಿದವರನ್ನೇ ಅದು ಹೆಚ್ಚಾಗಿ ಕಚ್ಚುತ್ತದೆ. ನೋವು ಅಲ್ಪವಾದ್ದರಿಂದ ಕಚ್ಚಿದ್ದು ಗೊತ್ತಾಗದೆಯೂ ಇರಬಹುದು. ಡೇರೆಯನ್ನು ಹೊತ್ತೊಯ್ಯೋಣವೆಂದರೆ ಅದು ಭಾರ; ಮೇಲಾಗಿ ಬೇಸಗೆಯಲ್ಲಿ ಬಿರುಕುಬಿಟ್ಟ ಎರೆಮಣ್ಣಿನಲ್ಲಿ ಅದರ ಗೂಟಗಳು ಭದ್ರವಾಗಿ ನಿಲ್ಲವು. ಮರಗಳಿರುವೆಡೆ ಇದಕ್ಕೆಲ್ಲ ಪರಿಹಾರವಾಗಿ ಒದಗುವುದು ತೂಗುಹಾಸಿಗೆ.

ಹ್ಯಾಮಕ್ ಎಂಬ ಹೆಸರಿನಿಂದ ಅಂಗಡಿಗಳಲ್ಲಿ ದೊರೆಯುವ ಇದನ್ನು ವಿದೇಶದ ನವೀನ ವಸ್ತುವೆಂದು ಭಾವಿಸಬೇಕಾಗಿಲ್ಲ. ಹೊಲದಲ್ಲಿ ಕಳೆ ಕೀಳುವ ತಾಯಿಯು ಬೇವಿನ ಕೊಂಬೆಗೆ ಸೀರೆಯನ್ನು ಕಟ್ಟಿ ಕೂಸನ್ನು ಮಲಗಿಸುವ ಜೋಲಿಯೂ ಅದೇ ಜಾತಿಯದು. 1492ರಲ್ಲಿ ಕೊಲಂಬಸನು ಬಹಾಮಾ ದ್ವೀಪಗಳನ್ನು ಮುಟ್ಟಿದಾಗ ಅಲ್ಲಿನ ಜನ ಹತ್ತಿಯ ಬಲೆಗಳಲ್ಲಿ ಮಲಗುವುದನ್ನು ಕಂಡನು. ಆ ದ್ವೀಪದ ಜನರ ಮಾತೇ ಸ್ಪೇನಿನ ಭಾಷೆಯ ಮೂಲಕ ಇಂಗ್ಲಿಷನ್ನು ಸೇರಿ ಹ್ಯಾಮಕ್ ಆಯಿತು. ಕೂಸಿನ ಜೋಲಿಗೂ ದೊಡ್ಡವರ ತೂಗುಹಾಸಿಗೆಗೂ ಮುಖ್ಯವಾದ ಭೇದವೊಂದುಂಟು. ಜೋಲಿಯನ್ನು ಸಾಮಾನ್ಯವಾಗಿ ಒಂದೇ ಕೊಂಬೆಯಿಂದ ಇಳಿಬಿಡುತ್ತಾರೆ; ತೂಗುಹಾಸಿಗೆಯನ್ನು ಎರಡು ಮರಗಳ ನಡುವೆ ಕಟ್ಟುತ್ತಾರೆ. ಈ ಭೇದದಲ್ಲಿಯೇ ಅಪಾಯವೂ ಅಡಗಿದೆ.

ಸೆಳೆತದ ಲೆಕ್ಕ

60 ಕಿಲೋಗ್ರಾಂ ತೂಗುವವನು ತೂಗುಹಾಸಿಗೆಯಲ್ಲಿ ಮಲಗಿದಾಗ ಎರಡು ಬದಿಯ ಹಗ್ಗಗಳಿಗೂ ತಲಾ 30 ಕಿಲೋಗ್ರಾಂ ಭಾರ ಬೀಳುವುದೆಂದು ಮೊದಲ ನೋಟಕ್ಕೆ ತೋರುತ್ತದೆ. ಹಗ್ಗಗಳು ನೆಟ್ಟಗೆ ಮೇಲಕ್ಕೆ ಹೋಗಿದ್ದರೆ ಅದು ನಿಜ. ಆದರೆ ಅವು ಓರೆಯಾಗಿವೆ. ಓರೆಯಾದ ಹಗ್ಗದ ಸೆಳೆತದಲ್ಲಿ ಮೇಲ್ಮುಖವಾದ ಅಂಶ ಮಾತ್ರವೇ ಭಾರವನ್ನು ಹೊರುತ್ತದೆ; ಉಳಿದದ್ದು ಎರಡು ಮರಗಳನ್ನು ಒಂದರ ಕಡೆಗೊಂದು ಎಳೆಯುವುದರಲ್ಲಿ ವ್ಯಯವಾಗುತ್ತದೆ. ಹಗ್ಗವು ಕ್ಷಿತಿಜದೊಡನೆ ಮಾಡುವ ಕೋನದ ಸೈನ್ ಬೆಲೆಯ ಇಮ್ಮಡಿಯಿಂದ ತೂಕವನ್ನು ಭಾಗಿಸಿದರೆ ಸೆಳೆತ ದೊರೆಯುತ್ತದೆ.

ಕೋನವು 30 ಡಿಗ್ರಿಯಾದರೆ ಸೈನ್ ಬೆಲೆ ಅರ್ಧ. ಆದುದರಿಂದ ಪ್ರತಿ ಹಗ್ಗದಲ್ಲೂ ಸೆಳೆತವು ಸರಿಯಾಗಿ 60 ಕಿಲೋಗ್ರಾಂ. ಕೋನವು 10 ಡಿಗ್ರಿಗೆ ಇಳಿದರೆ ಸೆಳೆತವು 173 ಕಿಲೋಗ್ರಾಂ. 5 ಡಿಗ್ರಿಗೆ ಇಳಿದರೆ 344 ಕಿಲೋಗ್ರಾಂ! ಹಾಸಿಗೆ ಮಂಚದಂತೆ ಸಮತಟ್ಟಾಗಿರಲೆಂದು ಹಗ್ಗವನ್ನು ಬಿಗಿದಷ್ಟೂ ಸೆಳೆತವು ಬೆಳೆಯುತ್ತ ಹೋಗುತ್ತದೆ. ಪೂರ್ತಿ ನೆಟ್ಟಗಾಗಬೇಕಾದರೆ ಅದು ಅನಂತವಾಗಬೇಕು. ಎಷ್ಟೇ ಬಿಗಿದ ಹಗ್ಗವಾದರೂ ನಡುವೆ ತೂಕವನ್ನು ಇಟ್ಟೊಡನೆ ಅಷ್ಟಿಷ್ಟು ಬಾಗಲೇಬೇಕೆಂಬುದು ಇದರ ತಾತ್ಪರ್ಯ.

ಇದನ್ನು ಶಾಲೆಯಲ್ಲೇ ಪರೀಕ್ಷಿಸಿ ನೋಡಬಹುದು. ಎರಡು ಸ್ಪ್ರಿಂಗ್ ತಕ್ಕಡಿಗಳ ನಡುವೆ ಒಂದು ದಾರವನ್ನು ಕಟ್ಟಿ, ದಾರದ ಮಧ್ಯದಲ್ಲಿ ಒಂದು ಕಿಲೋಗ್ರಾಮಿನ ಬಟ್ಟನ್ನು ತೂಗಬಿಡಿ. ತಕ್ಕಡಿಗಳನ್ನು ಹತ್ತಿರ ಹಿಡಿದಾಗ ಒಂದೊಂದೂ ಅರ್ಧ ಕಿಲೋಗ್ರಾಂ ತೋರಿಸುತ್ತದೆ. ಮೆಲ್ಲನೆ ದೂರ ಸರಿಸುತ್ತ ಹೋಗಿ. ದಾರದ ಎರಡು ಭಾಗಗಳ ನಡುವಣ ಕೋನ 120 ಡಿಗ್ರಿಯಾದಾಗ ಎರಡೂ ಒಂದೊಂದು ಕಿಲೋಗ್ರಾಂ ತೋರಿಸುತ್ತವೆ. ಇನ್ನೂ ಎಳೆದರೆ ನಮ್ಮ ತೋಳುಗಳೇ ಸೋಲುತ್ತವೆ. ಬಟ್ಟು ಮಾತ್ರ ನಡುವೆ ಬಾಗಿಯೇ ಇರುತ್ತದೆ.

ಆದುದರಿಂದ ತೂಗುಹಾಸಿಗೆಯನ್ನು ಸಡಿಲವಾಗಿ, 30 ಡಿಗ್ರಿ ಕೋನದಲ್ಲಿ ಕಟ್ಟಬೇಕು. ಕೋನಮಾಪಕ ಬೇಕಿಲ್ಲ, ಪಟ್ಟಿಯು ಒಂದು ಮೀಟರು ಮುಂದೆ ಸಾಗುವಷ್ಟರಲ್ಲಿ 58 ಸೆಂಟಿಮೀಟರು ಮೇಲೇರಿದರೆ ಕೋನ ಸರಿಯಾಯಿತು. ನಾಲ್ಕೂವರೆ ಮೀಟರು ಅಂತರದ ಮರಗಳಿಗೆ ಮೂರು ಮೀಟರು ಉದ್ದದ ಹಾಸಿಗೆಯನ್ನು ಕಟ್ಟುವಾಗ ಗಂಟು ಸುಮಾರು ಆಳೆತ್ತರದಲ್ಲಿ ಬರುತ್ತದೆ. ಕುಳಿತಾಗ ಹಾಸಿಗೆಯು ನೆಲದಿಂದ ಕುರ್ಚಿಯ ಎತ್ತರಕ್ಕಿಂತ ಮೇಲಿರಬಾರದು. ಬಾಗಿದ ಹಾಸಿಗೆಯಲ್ಲಿ ಬೆನ್ನು ಬಿಲ್ಲಾಗುವುದಲ್ಲ ಎಂಬ ಶಂಕೆಗೆ ಉತ್ತರವೂ ಸುಲಭ: ಉದ್ದಕ್ಕೆ ಮಲಗದೆ ಕೊಂಚ ಅಡ್ಡಡ್ಡಲಾಗಿ ಮಲಗಿದರೆ ಬಟ್ಟೆಯು ಹರಡಿಕೊಂಡು ಬೆನ್ನು ಬಹುಮಟ್ಟಿಗೆ ಸಮವಾಗುತ್ತದೆ.

ಯಾವ ಕಂಬ, ಯಾವ ಮರ

ಮರವನ್ನು ಅಡ್ಡಲಾಗಿ ಎಳೆಯುವ ಬಲವನ್ನೂ ಲೆಕ್ಕ ಹಾಕೋಣ. 30 ಡಿಗ್ರಿಯಲ್ಲಿ ಅದು 52 ಕಿಲೋಗ್ರಾಂ; 10 ಡಿಗ್ರಿಯಲ್ಲಿ 170 ಕಿಲೋಗ್ರಾಂ. ಬೇರೂರಿದ ಬೇವು, ಹುಣಿಸೆಗಳಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಹಳೆಯ ಮಂಟಪದ ಕಲ್ಲುಕಂಬವನ್ನು ನೋಡಿ ಭದ್ರವೆಂದು ಮೋಸಹೋಗಬಾರದು. 30 ಸೆಂಟಿಮೀಟರು ಚೌಕದ, ಎರಡು ಮೀಟರು ಎತ್ತರದ ಒಂಟಿ ಕಲ್ಲುಕಂಬವು ಸುಮಾರು 485 ಕಿಲೋಗ್ರಾಂ ತೂಗುತ್ತದೆ. ಅಷ್ಟು ಭಾರವಿದ್ದರೂ, ತಳವನ್ನು ಹೂಳದೆ ಕೇವಲ ನೆಲದ ಮೇಲೆ ನಿಲ್ಲಿಸಿದ್ದರೆ, ಅದು ಉರುಳದಂತೆ ತಡೆಯುವ ಸನ್ನೆಯ ತೋಳು ಅದರ ಅರ್ಧ ಅಗಲ ಮಾತ್ರ, ಅಂದರೆ 15 ಸೆಂಟಿಮೀಟರು. ತಡೆಯುವ ಭ್ರಾಮಕ 73 ಕಿಲೋಗ್ರಾಂ-ಮೀಟರು. ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ 52 ಕಿಲೋಗ್ರಾಂ ಎಳೆದರೆ ಉರುಳಿಸುವ ಭ್ರಾಮಕ 78. ಕಂಬವು ಉರುಳುತ್ತದೆ, ಮಲಗಿದವನ ಮೇಲೆಯೇ ಉರುಳುತ್ತದೆ! 2020ರಲ್ಲಿ ಅಮೆರಿಕದ ಓಹಿಯೋ ಸಂಸ್ಥಾನದಲ್ಲಿ ಇಟ್ಟಿಗೆಯ ಕಂಬಕ್ಕೆ ತೂಗುಹಾಸಿಗೆ ಕಟ್ಟಿದಾಗ ಕಂಬ ಮುರಿದುಬಿದ್ದು ಇಬ್ಬರು ಸೋದರಿಯರು ಪ್ರಾಣ ಕಳೆದುಕೊಂಡರು. ಮೇಲಿನಿಂದ ಬರುವ ಭಾರವನ್ನು ಹೊರಲೆಂದು ಕಟ್ಟಿದ ಕಂಬವು ಅಡ್ಡಸೆಳೆತವನ್ನು ತಾಳುವುದೆಂದು ನಂಬುವಂತಿಲ್ಲ. ಕಲ್ಲುಕಂಬ, ಇಟ್ಟಿಗೆಯ ಕಂಬ, ವಿದ್ಯುತ್ ಕಂಬ ಇವುಗಳಿಗೆ ಎಂದೂ ಕಟ್ಟಬಾರದು.

ಮರಗಳಲ್ಲಿಯೂ ಆಯ್ಕೆ ಬೇಕು. ಇಂಡಿಯ ಲಿಂಬೆತೋಟಗಳು ಹೆಸರಾದುವಾದರೂ ಲಿಂಬೆಯ ಗಿಡ ಕುಳ್ಳು, ಮುಳ್ಳೂ ಉಂಟು. ಅದು ಇದಕ್ಕೆ ತಕ್ಕುದಲ್ಲ. ನುಗ್ಗೆ, ಪಪಾಯಿಗಳ ಕಾಂಡ ಪೆಡಸು. ಜಾಲಿ ಗಟ್ಟಿಯಾದರೂ ಮುಳ್ಳು ಹಾಸಿಗೆಯನ್ನು ಹರಿಯುತ್ತದೆ. ಒಣಗಿದ ಮರವನ್ನೂ, ತಲೆಯ ಮೇಲೆ ಒಣಕೊಂಬೆಯುಳ್ಳ ಮರವನ್ನೂ ಬಿಡಬೇಕು. ಹಸಿರಾಗಿ ನಿಂತಿರುವ, ತೊಡೆಗಿಂತ ದಪ್ಪನೆಯ ಬೇವು ಅಥವಾ ಹುಣಿಸೆ ಉತ್ತಮ. ಗುಡುಗಿನ ಸದ್ದು ಕೇಳಿದೊಡನೆ ಮಾತ್ರ ಯಾವ ಮರವಾದರೂ ಸರಿ, ಅದರಡಿಯಿಂದ ಎದ್ದು ಪಕ್ಕಾ ಕಟ್ಟಡವನ್ನು ಸೇರಬೇಕು. ಬಯಲಿನ ಒಂಟಿಮರವು ಸಿಡಿಲಿಗೆ ಸುಲಭವಾದ ಗುರಿ.

ನಲ್ಲಮಲದ ಮಾತೇ ಬೇರೆ. ಅದು ಹುಲಿಗಳ ರಕ್ಷಿತಾರಣ್ಯ. ಅಲ್ಲಿ ಮರಗಳು ಯಥೇಚ್ಛವಾಗಿವೆಯೆಂದು ಒಂಟಿಯಾಗಿ ತೂಗುಹಾಸಿಗೆ ಕಟ್ಟುವುದು ಅವಿವೇಕ. ಹಗಲಿನಲ್ಲಿ ತಂಡದೊಡನೆ ನಡೆದು, ಯಾತ್ರಿಕರಿಗಾಗಿ ಏರ್ಪಡಿಸಿದ ತಂಗುದಾಣಗಳಲ್ಲಿಯೇ ಉಳಿಯಬೇಕು; ಅರಣ್ಯ ಇಲಾಖೆಯ ಕಟ್ಟಳೆಗಳನ್ನು ಪಾಲಿಸಬೇಕು.

ಇನ್ನು ಕಟ್ಟುವ ಸಾಧನ. ತೆಳುವಾದ ಹಗ್ಗ ಹಗುರವೆಂಬುದು ನಿಜ. ಆದರೆ 30 ಸೆಂಟಿಮೀಟರು ವ್ಯಾಸದ ಕಾಂಡಕ್ಕೆ 60 ಕಿಲೋಗ್ರಾಂ ಸೆಳೆತದಲ್ಲಿ ಸುತ್ತಿದ 4 ಮಿಲಿಮೀಟರಿನ ಹಗ್ಗವು ತೊಗಟೆಯ ಮೇಲೆ ಚದರ ಸೆಂಟಿಮೀಟರಿಗೆ 10 ಕಿಲೋಗ್ರಾಂ ಒತ್ತಡವನ್ನು ಹೇರುತ್ತದೆ. 25 ಮಿಲಿಮೀಟರಿನ ಪಟ್ಟಿಯು 1.6 ಕಿಲೋಗ್ರಾಂ ಮಾತ್ರ. ತೊಗಟೆಯ ಒಳಪದರದಲ್ಲಿಯೇ ಮರದ ಆಹಾರ ಹರಿಯುವುದರಿಂದ ಪಟ್ಟಿಯನ್ನೇ ಬಳಸುವುದು ಧರ್ಮ. ಇಲ್ಲಿ ಐವತ್ತು ನೂರು ಗ್ರಾಂ ಹೆಚ್ಚಾದರೂ ಹಿಂಜರಿಯಬಾರದು. ದಡಕ್ಕನೆ ಕುಳಿತಾಗ ಸೆಳೆತವು ಇಮ್ಮಡಿಗೂ ಮೀರುವುದರಿಂದ ಪಟ್ಟಿಯ ತಾಳಿಕೆಯು ಮಲಗುವವನ ತೂಕದ ಐದು ಪಟ್ಟಾದರೂ ಇರಬೇಕು. ಹಳೆಯ ಸೀರೆ ಕೂಸಿಗೆ ಸಾಕು. ದೊಡ್ಡವರಿಗೆ ಅದನ್ನು ನಂಬಬಾರದು.

ನೈಲಾನು ಮತ್ತು ಕಂಬಳಿ

ಬಟ್ಟೆಯ ತೂಕವನ್ನು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಅಳೆಯುತ್ತಾರೆ. ಮೂರು ಮೀಟರು ಉದ್ದ, ಒಂದೂವರೆ ಮೀಟರು ಅಗಲದ ಹಾಸಿಗೆಗೆ ನಾಲ್ಕೂವರೆ ಚದರ ಮೀಟರು ಬಟ್ಟೆ ಬೇಕು. ಚದರ ಮೀಟರಿಗೆ 300 ಗ್ರಾಮಿನ ಹತ್ತಿಯ ಕ್ಯಾನ್ವಾಸಿನಲ್ಲಿ ಅದು 1350 ಗ್ರಾಂ ಆಗುತ್ತದೆ. 50 ಗ್ರಾಮಿನ ನೈಲಾನಿನಲ್ಲಿ 225 ಗ್ರಾಂ. 1935ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ಕ್ಯಾರೊದರ್ಸನ ನೇತೃತ್ವದಲ್ಲಿ ತಯಾರಾದ ನೈಲಾನು ತೂಕಕ್ಕೆ ಹೋಲಿಸಿದರೆ ಬಹಳ ಗಟ್ಟಿಯಾದ ಎಳೆ. ಆದರೆ ನೆನೆದಾಗ ಅದು ಹಿಗ್ಗುತ್ತದೆ. ಆದುದರಿಂದ ಹಾಸಿಗೆಗೆ ನೈಲಾನೂ ಕಟ್ಟುವ ಪಟ್ಟಿಗೆ ಹಿಗ್ಗು ಕಡಿಮೆಯಾದ ಪಾಲಿಯೆಸ್ಟರೂ ಯೋಗ್ಯ. ಎರಡೂ ಬೆಂಕಿಗೆ ಕರಗುವುವಾದ್ದರಿಂದ ಒಲೆಯ ಹತ್ತಿರ ಕಟ್ಟಬಾರದು.

ಗಾಳಿಗೆ ತೂಗುವ ಹಾಸಿಗೆಯಲ್ಲಿ ಚಳಿಯು ಕೆಳಗಿನಿಂದ ಬರುತ್ತದೆ. ಹೊದಿಕೆಯು ಬೆಚ್ಚಗಿಡುವುದು ತನ್ನ ನೂಲಿನಿಂದಲ್ಲ, ನೂಲಿನ ನಡುವೆ ಸೆರೆಯಾದ ಗಾಳಿಯಿಂದ. ಮೈಭಾರಕ್ಕೆ ಅಡಿಯ ಬಟ್ಟೆ ಚಪ್ಪಟೆಯಾದಾಗ ಆ ಗಾಳಿ ಹೊರಟುಹೋಗುತ್ತದೆ; ಅಡಿಯಿಂದ ಬೀಸುವ ಗಾಳಿಯು ಉಷ್ಣವನ್ನು ಒಯ್ಯುತ್ತದೆ. ಯುಗಾದಿಯ ದಿನಗಳಲ್ಲಿ ಮಡಿಸಿದ ಒಂದು ತೆಳು ಕಂಬಳಿಯನ್ನು ಬೆನ್ನಡಿ ಹಾಸಿದರೆ ಸಾಕು; ಮಾರ್ಗಶಿರ ಪುಷ್ಯಗಳ ಚಳಿಯಲ್ಲಿ ಇನ್ನೂ ದಪ್ಪನೆಯದು ಬೇಕು.

ನಮ್ಮ ಕುರುಬರ ಕರಿಯ ಕಂಬಳಿಯನ್ನು ಹಗುರವೆನ್ನುವಂತಿಲ್ಲ. ಒಂದೂವರೆ, ಎರಡು ಕಿಲೋಗ್ರಾಂ ತೂಗುವುದುಂಟು. ಆದರೆ ಕುರಿಗಾರನಿಗೆ ಅದೊಂದೇ ಹಾಸಿಗೆ, ಅದೊಂದೇ ಹೊದಿಕೆ, ಮಡಚಿ ತಲೆಗೆ ಹಾಕಿಕೊಂಡರೆ ಮಳೆಗೆ ಕೊಪ್ಪೆ, ಬಿಸಿಲಿಗೆ ನೆರಳು. ಉಣ್ಣೆಯು ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಯೂ ಮೈಗೆ ಒದ್ದೆಯೆನಿಸದು. ಹುಣಿಸೆಬೀಜದ ಗಂಜಿ ಕೊಟ್ಟ ಕಂಬಳಿಯ ಬಿಗಿಯಾದ ನೇಯ್ಗೆಯಲ್ಲಿ ಮಳೆಹನಿ ಬೇಗನೆ ಇಳಿಯದು. ನಾಲ್ಕು ವಸ್ತುಗಳ ಕೆಲಸವನ್ನು ಒಂದೇ ಮಾಡುವಾಗ ಅದರ ತೂಕವನ್ನು ನಾಲ್ಕರಿಂದ ಭಾಗಿಸಿ ನೋಡುವುದು ನ್ಯಾಯ. ಕುರಿಗಾರನಿಗೆ ಕಂಬಳಿ ಹಗುರ. ಕಂಬಳಿಯ ಜೊತೆಗೆ ರೇನ್‌ಕೋಟು, ಹಾಸಿಗೆ, ರಗ್ಗುಗಳನ್ನೂ ಹೊರುವವನಿಗೆ ಅದೇ ಭಾರ.

ತಕ್ಕಡಿಯ ಮುಂದೆ

ಹೊರಡುವ ವಾರ ಮೊದಲು ಒಂದು ಕೆಲಸ ಮಾಡಬೇಕು. ಒಯ್ಯಬೇಕೆಂದಿರುವ ಎಲ್ಲ ಸಾಮಾನುಗಳನ್ನೂ ಕಿರಾಣಿ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿ ಬರೆದಿಡಬೇಕು. ಅನಂತರ ಮೂರು ರಾಶಿಗಳನ್ನು ಮಾಡಬೇಕು: ಪ್ರತಿದಿನ ಬಳಸುವಂಥವು, ಅಪಾಯಕ್ಕೆ ಒದಗುವಂಥವು, ಬೇಕಾದರೂ ಬೇಕಾದೀತೆಂದು ಇಟ್ಟುಕೊಂಡವು. ಮೊದಲ ರಾಶಿಯಲ್ಲಿ ಹಗುರವಾದವನ್ನು ಆರಿಸಬೇಕು. ಎರಡನೆಯದನ್ನು ಮುಟ್ಟಬಾರದು. ಮೂರನೆಯದನ್ನು ಮನೆಯಲ್ಲೇ ಬಿಡಬೇಕು.

ಒಂದು ಮಾದರಿಯನ್ನು ಕೊಡುವುದಾದರೆ: ಚೀಲ 700 ಗ್ರಾಂ, ಪಟ್ಟಿಸಹಿತ ತೂಗುಹಾಸಿಗೆ 450, ಮೇಲೆ ಕಟ್ಟುವ ಮಳೆಹೊದಿಕೆ 350, ಸೊಳ್ಳೆಪರದೆ 200, ತೆಳು ಕಂಬಳಿ 900, ಒಂದು ಜೊತೆ ಬಟ್ಟೆ 600, ದೀಪ 80, ಔಷಧ ಮತ್ತು ಲವಣದ ಪೊಟ್ಟಣ 200, ಎರಡು ಖಾಲಿ ಬಾಟಲಿ 60. ಒಟ್ಟು 3540 ಗ್ರಾಂ. ಎರಡು ಲೀಟರು ನೀರು, ಅರ್ಧ ಕಿಲೋಗ್ರಾಂ ಶೇಂಗಾ ಬೆಲ್ಲಗಳನ್ನು ಸೇರಿಸಿದರೆ ಆರು ಕಿಲೋಗ್ರಾಂ. 55 ಕಿಲೋಗ್ರಾಮಿನ ವಿದ್ಯಾರ್ಥಿಗೆ ಇದು ದೇಹತೂಕದ ಒಂಬತ್ತನೆಯ ಒಂದು ಭಾಗ. ಅಭ್ಯಾಸವಿಲ್ಲದವರು ಏಳನೆಯ ಒಂದು ಭಾಗವನ್ನು ಮೀರದಿರುವುದು ಒಳ್ಳೆಯದು. ಚೀಲ ತುಂಬುವಾಗ ಭಾರವಾದವುಗಳನ್ನು ಬೆನ್ನಿಗೆ ತಾಗಿದಂತೆ ಇಡಬೇಕು. ಭಾರವು ಹಿಂದೆ ಸರಿದಷ್ಟೂ ಅದರ ಸನ್ನೆಯ ತೋಳು ಬೆಳೆದು ನಡೆಯುವವನು ಮುಂದಕ್ಕೆ ಬಾಗಬೇಕಾಗುತ್ತದೆ.

ಈ ಪಟ್ಟಿಯಲ್ಲಿ ಹಣಕೊಟ್ಟು ಕೊಳ್ಳಬೇಕಾದವು ಕೆಲವೇ. ಪೇಟೆಯಲ್ಲಿ ದೊರೆಯುವ ಅತ್ಯಂತ ಹಗುರವಾದ ಸಾಮಾನು ಅತ್ಯಂತ ದುಬಾರಿಯಾಗಿರುತ್ತದೆ. ಅದು ಎಲ್ಲರಿಗೂ ಎಟುಕುವಂಥದಲ್ಲ. ಆದರೆ ಜಾವದಲ್ಲೇ ಏಳುವುದು, ನೀರಿನ ನೆಲೆಗಳನ್ನು ಕೇಳಿ ತಿಳಿಯುವುದು, ಮೂರನೆಯ ರಾಶಿಯನ್ನು ಬಿಟ್ಟುಹೋಗುವುದು ಇವುಗಳಿಗೆ ಒಂದು ಕಾಸೂ ಬೇಕಿಲ್ಲ. ಇವುಗಳಿಂದ ಇಳಿಯುವ ಭಾರವು ಬೆಲೆಬಾಳುವ ನೈಲಾನಿನಿಂದ ಇಳಿಯುವ ಭಾರಕ್ಕಿಂತ ಹೆಚ್ಚೇ ಹೊರತು ಕಡಿಮೆಯಲ್ಲ. ಉಳಿಸಬಹುದಾದ ತೂಕವನ್ನೆಲ್ಲ ಉಳಿಸಿದ ಮೇಲೆ ಎರಡನ್ನು ಮಾತ್ರ ಉಳಿಸಲು ಹೋಗಬಾರದು: ಒಂದು, ಕುಡಿಯುವ ನೀರು, ಇನ್ನೊಂದು, ಮಲಗಿದವನ ಭಾರವನ್ನು ಹೊರುವ ಪಟ್ಟಿ.